ಮಗನ ಮನೆಗೊಂದು ಹವಾನಿಯಂತ್ರಕ

ಹ್ಯೂಸ್ಟನ್ನಿನಲ್ಲಿ ಅಪ್ಪ-ಮಗ ಸೇರಿ ಎ.ಸಿ. ಕೂರಿಸಿದರೆಂಬ ಸುದ್ದಿ ಹೇಗೋ ನನ್ನ ಹಳೆಯ ವಿದ್ಯಾರ್ಥಿಗಳಿಗೆ ತಲುಪಿದೆ. ಡಲ್ಲಾಸಿನಲ್ಲಿರುವ ಒಬ್ಬನಂತೂ ದೂರವಾಣಿ ಮಾಡಿ, "ಸರ್, ಯಾವುದನ್ನು ಕೊಳ್ಳಲಿ? ನನ್ನ ಕೈಲೂ ಆದೀತೇ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

2025ರ ಮೇ ತಿಂಗಳಲ್ಲಿ ನಾವಿಬ್ಬರೂ ಅಲ್ಲಿಗೆ ಹೋದಾಗ ನಮಗೆ ದೊರೆತದ್ದು ಗ್ಯಾರೇಜಿನ ಮೇಲಣ ಕೋಣೆ. ಇಡೀ ಮನೆಗೆ ಒಂದೇ ಯಂತ್ರ. ತಂಪುಗಾಳಿ ಮಾಡಿನೊಳಗಿನ ದಪ್ಪ ಕೊಳವೆಗಳಲ್ಲಿ ಸಾಗಿ ಬರಬೇಕು. ಕಟ್ಟಕಡೆಯ ಈ ಕೋಣೆಗೆ ಬರುವಷ್ಟರಲ್ಲಿ ಅದರಲ್ಲಿ ತಂಪೇ ಉಳಿದಿರುತ್ತಿರಲಿಲ್ಲ. ಕೆಳಗೆ ಕಾದ ಗ್ಯಾರೇಜು, ಮೇಲೆ ಕಾದ ಮಾಡು. ರಾತ್ರಿ ಹತ್ತಕ್ಕೂ ಕೋಣೆಯಲ್ಲಿ 31 ಡಿಗ್ರಿ. ಮಂಗಳೂರಿನ ಬೇಸಗೆಯಂಥ ಬೆವರು. ರಕ್ತದೊತ್ತಡವಿರುವ ನನ್ನಾಕೆ ಎದ್ದು ಕುಳಿತೇ ಬೆಳಗು ಮಾಡುತ್ತಿದ್ದಳು. ಹತ್ತು ದಿನ ನೋಡಿ, "ಊರಿಗೆ ಹೋಗಿಬಿಡೋಣ ರೀ" ಎಂದಳು. ಮಗನ ಮುಖ ಸಣ್ಣದಾಯಿತು. ಅಕ್ಟೋಬರ್‌ವರೆಗೆ ಇರುವೆವೆಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದೆವು.

ಕಿಟಕಿಯಲ್ಲಿಡುವ ಯಂತ್ರಕ್ಕೆ ಆ ಬಡಾವಣೆಯ ಸಂಘದ ಒಪ್ಪಿಗೆಯಿಲ್ಲ. ನಮ್ಮಲ್ಲಿ ಸ್ಪ್ಲಿಟ್ ಎನ್ನುವ, ಅಲ್ಲಿ ಮಿನಿ-ಸ್ಪ್ಲಿಟ್ ಎನ್ನುವ ಯಂತ್ರವನ್ನು ಹಾಕಿಸೋಣವೆಂದರೆ, ಗುತ್ತಿಗೆದಾರ ಕೇಳಿದ ಕೂಲಿ ಯಂತ್ರದ ಬೆಲೆಯನ್ನೂ ಮೀರಿತ್ತು. ಹೀಗಾಗಿ ಮನೆಯವರೇ ಜೋಡಿಸಬಹುದಾದ ಯಂತ್ರದ ಹುಡುಕಾಟ ಆರಂಭವಾಯಿತು.

ಮೊದಲ ಚರ್ಚೆ ಗಾತ್ರದ್ದು. "ದೊಡ್ಡದೇ ಇರಲಿ ಅಪ್ಪಾ, 24,000 ಬಿಟಿಯು" ಎಂದ ಮಗ. ನಾನು ಕಾಗದ-ಪೆನ್ಸಿಲ್ ಹಿಡಿದು ಕುಳಿತೆ. ಎ.ಸಿ.ಯ 'ಟನ್' ಎಂಬುದು ಅದರ ತೂಕವಲ್ಲ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ, 24 ಗಂಟೆಗಳಲ್ಲಿ ಕರಗುವಾಗ ಶಾಖವನ್ನು ಹೀರುವ ದರ ಅದು: ಗಂಟೆಗೆ 12,000 ಬಿಟಿಯು, ಸುಮಾರು 3.5 ಕಿಲೋವ್ಯಾಟ್. ಗುಪ್ತೋಷ್ಣದ ಪಾಠದಲ್ಲಿ 'ಗ್ರಾಂಗೆ 80 ಕ್ಯಾಲೊರಿ' ಎಂದು ಉರು ಹೊಡೆದವರಿಗೆ ಇದು ಹೊಸದಲ್ಲ. ಕೋಣೆ 20 ಅಡಿಗೆ 17, ಅಂದರೆ 340 ಚದರಡಿ. ಎನರ್ಜಿ ಸ್ಟಾರ್ ಕೋಷ್ಟಕದ ಪ್ರಕಾರ ಇದಕ್ಕೆ 8,000 ಬಿಟಿಯು; ಬಿಸಿಲಿಗೆ ಶೇ. 10 ಸೇರಿಸಬೇಕು. ಕಾದ ಮಾಡನ್ನೂ ಗ್ಯಾರೇಜನ್ನೂ ಎಣಿಸಿದರೂ 12,000 ಧಾರಾಳ ಸಾಕು. ಬೇಕಾದ್ದಕ್ಕಿಂತ ದೊಡ್ಡದಾದರೆ ಗಾಳಿ ಬೇಗ ತಣ್ಣಗಾಗಿ ಯಂತ್ರ ನಿಂತುಬಿಡುತ್ತದೆ, ತೇವ ಒಳಗೇ ಉಳಿಯುತ್ತದೆ. ಹ್ಯೂಸ್ಟನ್ನಿನಲ್ಲಿ ಕಾಡುವುದು ಸೆಕೆಯಷ್ಟೇ ಅಲ್ಲ, ತೇವವೂ.

ಎರಡನೆಯದು ಅನಿಲದ ವಿಚಾರ. ಇದನ್ನು ಗಮನವಿಟ್ಟು ಓದಬೇಕು. ಸಾಮಾನ್ಯ ಸ್ಪ್ಲಿಟ್ ಯಂತ್ರದ ತಾಮ್ರದ ಕೊಳವೆಗಳು ಬರಿದಾಗಿರುತ್ತವೆ. ಜೋಡಿಸಿದ ಮೇಲೆ ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದು, ಆಮೇಲಷ್ಟೇ ಕವಾಟ ತೆರೆಯಬೇಕು. ಅಮೆರಿಕದಲ್ಲಿ ಇಂಥ ಕೆಲಸಕ್ಕೆ ಶುದ್ಧ ಗಾಳಿ ಕಾಯಿದೆಯ 608ನೆಯ ವಿಧಿಯ ಪ್ರಮಾಣಪತ್ರ ಬೇಕು. ಮಿಸ್ಟರ್‌ಕೂಲ್ ಮೊದಲಾದವರು ಮಾರುವ 'ನೀವೇ ಜೋಡಿಸಿ' ಮಾದರಿಗಳಲ್ಲಿ ಕಾರ್ಖಾನೆಯಲ್ಲಿಯೇ ಅನಿಲ ತುಂಬಿ ಮೊಹರು ಮಾಡಿದ ಕೊಳವೆಗಳಿರುತ್ತವೆ. ತಿರುಪು ಬಿಗಿಯುತ್ತಿದ್ದಂತೆ ಒಳಗಿನ ಕವಾಟ ತಾನೇ ತೆರೆದುಕೊಳ್ಳುತ್ತದೆ. ಆದರೆ ಪೆಟ್ಟಿಗೆಯ ಮೇಲೆ 'ಸುಲಭ ಜೋಡಣೆ' ಎಂದು ಬರೆದು, ಕೈಪಿಡಿಯ ಒಳಪುಟದಲ್ಲಿ ನಿರ್ವಾತ ಪಂಪು ಬೇಕೆನ್ನುವ ಅಗ್ಗದ ಸರಕೂ ಉಂಟು. ಕೊಳ್ಳುವ ಮುನ್ನವೇ ಕೈಪಿಡಿಯನ್ನು ತರಿಸಿ ಓದಿರಿ.

ಆ ಬೇಸಗೆಯಲ್ಲಿ ಆರ್-410ಎ ಅನಿಲದ ಹಳೆಯ ದಾಸ್ತಾನು ಕಡಿಮೆ ಬೆಲೆಗೆ ಸಿಗುತ್ತಿತ್ತು. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿನ 2,088 ಪಟ್ಟು. 2025ರ ಜನವರಿ 1ರಿಂದ ಅಲ್ಲಿ ಅದನ್ನು ಬಳಸುವ ಹೊಸ ಮನೆಯಂತ್ರಗಳ ತಯಾರಿಕೆಯೂ ಆಮದೂ ನಿಂತಿವೆ. ನಾವು ಆರಿಸಿದ್ದು 466 ಪಟ್ಟಿನ ಆರ್-454ಬಿ. ತುಸು ಬೆಂಕಿ ಹಿಡಿಯುವ ಗುಣ ಅದಕ್ಕಿದೆ ಎಂಬುದನ್ನೂ ತಿಳಿದಿರಬೇಕು.

ನಾನು ಪಟ್ಟು ಹಿಡಿದದ್ದು ವಿದ್ಯುತ್ತಿನ ವಿಷಯದಲ್ಲಿ. 115 ವೋಲ್ಟಿನ ಮಾದರಿಯಾದ್ದರಿಂದ ಗ್ಯಾರೇಜಿನ ಸಾಕೆಟ್ಟಿನ ತಂತಿಯಿಂದಲೇ ಎಳೆದುಕೊಳ್ಳೋಣವೆಂದ ಮಗ. ಆ ತಂತಿಯಲ್ಲಿ ಆಗಲೇ ಫ್ರೀಜರ್ ಇತ್ತು. ಕೈಪಿಡಿಯೋ ಪ್ರತ್ಯೇಕ ಸರ್ಕ್ಯೂಟ್ ಬೇಕೆನ್ನುತ್ತದೆ. "ಮಿಕ್ಕಿದ್ದೆಲ್ಲ ನಿನ್ನ ಕೈಯಿಂದಲೇ ಆಗಲಿ, ಇದೊಂದು ಬೇಡ ಕಣೋ" ಎಂದೆ. ಎರಡು ದಿನ ನನ್ನೊಡನೆ ಅಷ್ಟಾಗಿ ಮಾತಾಡಲಿಲ್ಲ. ಸೊಸೆ ನನ್ನ ಪಕ್ಷ ವಹಿಸಿದ ಮೇಲೆ ನಗರಸಭೆಯ ಪರವಾನಗಿ ಪಡೆದು, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನ್ನೇ ಕರೆಸಿದ.

ಉಳಿದದ್ದು ಒಂದು ಶನಿವಾರದ ಕೆಲಸ. ಗೋಡೆಯ ರಂಧ್ರ ಹೊರಕ್ಕೆ ಇಳಿಜಾರಾಗಿರಬೇಕು, ಇಲ್ಲವಾದರೆ ಬಸಿಯುವ ನೀರು ಕೋಣೆಗೇ ಮರಳುತ್ತದೆ. 25 ಅಡಿಯ ಕೊಳವೆಯಲ್ಲಿ ಹೆಚ್ಚಾದುದನ್ನು ಕತ್ತರಿಸುವಂತಿಲ್ಲ. ಹೊರಘಟಕದ ಹಿಂದೆ ಚಪ್ಪಟೆಯಾಗಿ ಸುತ್ತಿಟ್ಟೆವು. ಕೊಳವೆಯನ್ನು ನಿಧಾನವಾಗಿ ಬಾಗಿಸಬೇಕು, ಒಮ್ಮೆ ಮಡಿಕೆ ಬಿದ್ದರೆ ಕೆಟ್ಟಿತೆಂದೇ ಲೆಕ್ಕ. ಏಣಿಯ ಮೇಲೆ ಮಗ ಮತ್ತು ಅವನ ಗೆಳೆಯ, ಕೆಳಗೆ ಮಟ್ಟಗೋಲು ಹಿಡಿದು ನಾನು. ಸಂಜೆ ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಬರುವುದೇ ಎಂದು ಮೊಮ್ಮಗಳು ಪರೀಕ್ಷಿಸಿದಳು, ಬರಲಿಲ್ಲ.

ಅಂದು ರಾತ್ರಿ ಕೋಣೆಯಲ್ಲಿ 25 ಡಿಗ್ರಿ. ನನ್ನಾಕೆ ಆರು ಗಂಟೆಯವರೆಗೂ ಮಲಗಿದ್ದಳು. ಟಿಕೆಟ್ಟಿನ ತಾರೀಕು ಬದಲಿಸುವ ಮಾತು ಮತ್ತೆ ಬರಲಿಲ್ಲ. ಅಕ್ಟೋಬರ್‌ವರೆಗೂ ತಿಂಗಳಿಗೊಮ್ಮೆ ಅದರ ಜಾಲರಿಯನ್ನು ತೊಳೆಯುವ ಕೆಲಸ ನನ್ನದಾಗಿತ್ತು. ಈಗ ಮೊಮ್ಮಗಳು ಮಾಡುತ್ತಾಳಂತೆ.