ಹಿಮಹರಳು ಹಿಡಿದಿಟ್ಟ ಹಳ್ಳಿ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದ ಪುಟ್ಟ ಊರು ಜೆರಿಕೊ. ಪೂರ್ವಕ್ಕೆ ಮ್ಯಾನ್ಸ್‌ಫೀಲ್ಡ್ ಪರ್ವತ, ಪಕ್ಕದಲ್ಲಿ ಬ್ರೌನ್ಸ್ ನದಿ. ನದಿಯ ದಂಡೆಯಲ್ಲೊಂದು ಕೆಂಪು ಬಣ್ಣದ ಹಳೆಯ ಗಿರಣಿ. ಈಗ ಅಲ್ಲಿ ಹಿಟ್ಟು ಬೀಸುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ರಂಗೋಲಿ ಇಟ್ಟಂತಹ ಚಿತ್ರಗಳನ್ನು ನೋಡಲು ಜನ ಬರುತ್ತಾರೆ. ಅವೆಲ್ಲ ಹಿಮಹರಳುಗಳ ಛಾಯಾಚಿತ್ರಗಳು. ತೆಗೆದಾತ ಇದೇ ಊರಿನ ರೈತ, ವಿಲ್ಸನ್ ಬೆಂಟ್ಲಿ.

ಹಿಮಹರಳಿಗೆ ಆರೇ ಮೂಲೆ ಏಕೆ? ಐದೋ ಏಳೋ ಏಕಿಲ್ಲ? ಪ್ರಾಗ್ ನಗರದಲ್ಲಿದ್ದ ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ಈ ಪ್ರಶ್ನೆ ಎತ್ತಿ ಕಿರುಹೊತ್ತಗೆ ಬರೆದಿದ್ದ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ತನ್ನ ಪುಸ್ತಕದಲ್ಲಿ ಹಿಮಹರಳುಗಳ ಚಿತ್ರಗಳನ್ನು ಸೇರಿಸಿದ. ಆದರೆ ಕೈಯಲ್ಲಿ ಬರೆದ ಚಿತ್ರದಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಹೇಳುವುದು ಕಷ್ಟ.

ಬೆಂಟ್ಲಿ ಹುಟ್ಟಿದ್ದು 1865ರಲ್ಲಿ. ಹದಿನಾಲ್ಕರವರೆಗೂ ಮನೆಯೇ ಶಾಲೆ; ಹಿಂದೆ ಶಿಕ್ಷಕಿಯಾಗಿದ್ದ ತಾಯಿಯೇ ಗುರು. ಹದಿನೈದನೇ ವಯಸ್ಸಿಗೆ ತಾಯಿ ಕೊಟ್ಟ ಸೂಕ್ಷ್ಮದರ್ಶಕ ಅವನ ಬದುಕನ್ನೇ ತಿರುಗಿಸಿತು. ಅದರಡಿ ಕಂಡ ಹರಳನ್ನು ಬರೆಯಲು ಕುಳಿತರೆ ಚಿತ್ರ ಮುಗಿಯುವ ಮೊದಲೇ ಹರಳು ಕರಗಿಹೋಗುತ್ತಿತ್ತು. ಕ್ಯಾಮೆರಾ ಬೇಕೆಂದ. ತಂದೆಗೆ ಇದೆಲ್ಲ ಹುಚ್ಚಾಟವಾಗಿ ಕಂಡಿತು. ಆದರೂ ಕೊನೆಗೆ ನೂರು ಡಾಲರ್ ತೆತ್ತು ಕೊಡಿಸಿದರು. ಆ ಕಾಲದ ರೈತ ಕುಟುಂಬಕ್ಕೆ ಅದು ದೊಡ್ಡ ಗಂಟೇ ಸರಿ.

ಕ್ಯಾಮೆರಾ ಬಂದರೂ ಚಿತ್ರ ಸುಲಭವಾಗಿ ದಕ್ಕಲಿಲ್ಲ. ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ ನಿಂತು, ಕಪ್ಪು ಹಲಗೆಯ ಮೇಲೆ ಹಿಮ ಹಿಡಿದು, ಕಡ್ಡಿಯಿಂದ ಹರಳನ್ನೆತ್ತಿ ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲಗೆ ಅದುಮಬೇಕು. ಉಸಿರು ತಾಗಿದರೂ ಹರಳು ಮಾಯ! 1885ರ ಜನವರಿ 15ರಂದು ಮೊದಲ ಚಿತ್ರ ಕೈಗೂಡಿತು. ಮುಂದೆ ಹಸು ಸಾಕುತ್ತಲೇ ಐದು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದ. ಒಂದರಂತೆ ಇನ್ನೊಂದು ತನಗೆ ಸಿಗಲಿಲ್ಲವೆಂದು ಹೇಳಿದ.

ಇದೇಕೆ ಹೀಗೆ? ನೀರಿನ ಅಣುಗಳು ಹೆಪ್ಪುಗಟ್ಟುವಾಗ ಷಟ್ಕೋನವಾಗಿ ಜೋಡಣೆಗೊಳ್ಳುತ್ತವೆ. ಆರು ಮೂಲೆಗೆ ಅದೇ ಕಾರಣ. ಉಳಿದ ಗುಟ್ಟನ್ನು ಬಿಡಿಸಿದವರಲ್ಲಿ ಮುಖ್ಯನಾದವ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಉಕಿಚಿರೊ ನಕಾಯ. ಬೆಂಟ್ಲಿಯ ಚಿತ್ರಗಳಿಂದ ಪ್ರೇರಣೆ ಪಡೆದ ಈತ 1936ರಲ್ಲಿ ಪ್ರಯೋಗಾಲಯದೊಳಗೇ ಮೊಲದ ಕೂದಲಿನ ಮೇಲೆ ಹಿಮಹರಳು ಬೆಳೆಸಿದ. ಉಷ್ಣತೆ ಮತ್ತು ತೇವ ಬದಲಾದಂತೆ ಹರಳಿನ ಆಕಾರವೂ ಬದಲಾಗುವುದನ್ನು ತೋರಿಸಿದ. ಸೊನ್ನೆಗಿಂತ 5 ಡಿಗ್ರಿ ಸೆಲ್ಸಿಯಸ್ ಕೆಳಗೆ ಸೂಜಿಯಂತಹವು, 15 ಡಿಗ್ರಿ ಕೆಳಗೆ ಕವಲೊಡೆದ ನಕ್ಷತ್ರದಂತಹವು ಬೆಳೆಯುತ್ತವೆ. ಮೋಡದಿಂದ ನೆಲಕ್ಕೆ ಪ್ರತಿ ಹರಳೂ ಬೇರೆ ಬೇರೆ ಹಾದಿಯಲ್ಲಿ ಬರುವುದರಿಂದಲೇ ರೂಪದಲ್ಲಿ ಅಷ್ಟೊಂದು ವೈವಿಧ್ಯ.

ನಕಾಯನ ಈ ಯಶಸ್ಸನ್ನು ನೋಡಲು ಬೆಂಟ್ಲಿ ಉಳಿದಿರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದ ಅವನ ಪುಸ್ತಕ 1931ರಲ್ಲಿ ಹೊರಬಂತು. ಕೆಲವೇ ವಾರಗಳ ನಂತರ, ಹಿಮಗಾಳಿಯಲ್ಲಿ ಮನೆಗೆ ನಡೆದು ಬಂದ ಬೆಂಟ್ಲಿಗೆ ನ್ಯುಮೋನಿಯಾ ತಗುಲಿತು. ಡಿಸೆಂಬರ್ 23ರಂದು ತನ್ನ ಹೊಲಮನೆಯಲ್ಲೇ ಕಣ್ಣು ಮುಚ್ಚಿದ.

ಕಾಲೇಜಿನ ಮೆಟ್ಟಿಲು ಹತ್ತದ ಈ ರೈತನ ಹೆಸರು ಇಂದಿಗೂ ಹಿಮವಿಜ್ಞಾನದ ಪುಸ್ತಕಗಳಲ್ಲಿದೆ. ಜೆರಿಕೊದ ಗಿರಣಿಗೆ ಬರುವ ಮಕ್ಕಳು ಚಿತ್ರಗಳನ್ನು ನೋಡಿ ಬೆರಗಾಗುತ್ತಾರೆ. ಜೊತೆಗೆ ಬರುವ ಹಿರಿಯರು ನೆನೆಯಬೇಕಾದದ್ದು ಸೂಕ್ಷ್ಮದರ್ಶಕ ಕೊಟ್ಟ ಆ ತಾಯಿಯನ್ನು, ಮನಸ್ಸಿಲ್ಲದಿದ್ದರೂ ಹಣ ಎಣಿಸಿಕೊಟ್ಟ ಆ ತಂದೆಯನ್ನು.