ಯಾವ ಅಕ್ಷರದ ಅಕಿರ?

ಜಪಾನಿನಲ್ಲಿ ಒಬ್ಬರು ತಮ್ಮ ಹೆಸರು ಹೇಳಿದ ಮಾತ್ರಕ್ಕೆ ಪರಿಚಯ ಮುಗಿಯುವುದಿಲ್ಲ. ಕೇಳಿಸಿಕೊಂಡವರು ಇನ್ನೊಂದು ಪ್ರಶ್ನೆಯನ್ನೂ ಕೇಳುವುದುಂಟು: ‘ಯಾವ ಅಕ್ಷರದಲ್ಲಿ ಬರೆಯುತ್ತೀರಿ?’ ಗಂಡುಮಕ್ಕಳಿಗೆ ಅಲ್ಲಿ ಧಾರಾಳವಾಗಿ ಇಡುವ ‘ಅಕಿರ’ ಎಂಬ ಹೆಸರನ್ನೇ ನೋಡಿ. ಮೂರು ಹ್ರಸ್ವ ಸ್ವರಗಳ ಪುಟ್ಟ ಪದ. ನಿಚ್ಚಳ, ಸ್ಪಷ್ಟ ಎಂಬ ಅರ್ಥದ ‘ಅಕಿರಕ’ ಎನ್ನುವ ಮಾತಿಗೆ ಬಳ್ಳಿ ಸಂಬಂಧ. ಉಚ್ಚಾರ ಒಂದೇ ಆದರೂ ಅದನ್ನು ಬರೆಯಲು ಚೀನಾದಿಂದ ಬಂದ ಚಿತ್ರಾಕ್ಷರಗಳು ಹತ್ತಾರಿವೆ. ಸೂರ್ಯನನ್ನೂ ಚಂದ್ರನನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದು ಅಕಿರ. ಸೂರ್ಯನ ಪಕ್ಕದಲ್ಲಿ ‘ಕರೆ’ ಎಂಬ ಅರ್ಥದ ಚಿಹ್ನೆಯಿಟ್ಟರೆ ಇನ್ನೊಂದು. ಅಧ್ಯಾಯ, ಲಾಂಛನ ಎಂಬ ಅರ್ಥ ಕೊಡುವ ಅಕ್ಷರದಿಂದ ಮತ್ತೊಂದು. ಸೂರ್ಯನ ಕೆಳಗೆ ಬೆಳಕನ್ನು ಬರೆದರೆ ಮಗದೊಂದು. ಫೋನಿನಲ್ಲಿ ಮಾತನಾಡುವಾಗ ‘ನನ್ನದು ಬೆಳಕು ಎನ್ನುವಾಗ ಬರೆಯುವ ಅಕ್ಷರ’ ಎಂದು ಬಿಡಿಸಿ ಹೇಳುವುದು ಅವರಿಗೆ ನಿತ್ಯದ ವ್ಯವಹಾರ.

ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಪುಣೆಯ ಹೊರವಲಯದ ಕಾರ್ಖಾನೆಯೊಂದರಲ್ಲಿ ನಾನು ಉದ್ಯೋಗದಲ್ಲಿದ್ದ ಕಾಲಕ್ಕೆ, ಯಂತ್ರಗಳ ಜೋಡಣೆಗೆಂದು ಜಪಾನಿನಿಂದ ಬಂದ ತಂತ್ರಜ್ಞರೊಬ್ಬರ ಹೆಸರು ಅದೇ ಆಗಿತ್ತು. ಊಟದ ಬಿಡುವಿನಲ್ಲಿ ಒಮ್ಮೆ ಅವರು ಹಾಳೆಯೊಂದರ ಬೆನ್ನಿಗೆ ಮೇಲೆ ಸೂರ್ಯ, ಕೆಳಗೆ ಬೆಳಕು ಬರೆದು ತೋರಿಸಿ, ಇದು ತಮ್ಮ ಅಜ್ಜ ಆರಿಸಿದ ಅಕ್ಷರವೆಂದರು. ಬಳಿಕ ನನ್ನ ಹೆಸರಿನ ಅಕ್ಷರ ಯಾವುದೆಂದು ಕೇಳಿದರು. ನಮ್ಮಲ್ಲಿ ಉಚ್ಚರಿಸಿದ್ದನ್ನೇ ಬರೆಯುತ್ತೇವೆ, ಬೇರೆ ಆಯ್ಕೆ ಇರುವುದಿಲ್ಲ ಎಂದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. ‘ಹಾಗಾದರೆ ಅರ್ಥವನ್ನು ಎಲ್ಲಿ ಇಡುತ್ತೀರಿ?’ ಎಂದರು. ನಾನು ನಕ್ಕು ಸುಮ್ಮನಾದೆ. ಆ ಪ್ರಶ್ನೆ ಮಾತ್ರ ನನ್ನೊಡನೆ ಉಳಿದುಬಿಟ್ಟಿತು.

ಅವರ ಆಶ್ಚರ್ಯಕ್ಕೆ ಕಾರಣವಿತ್ತು. ಜಪಾನಿನ ಸರಕಾರ ಪ್ರತಿ ಕುಟುಂಬದ ಜನನ, ವಿವಾಹ, ಮರಣಗಳನ್ನು ದಾಖಲಿಸುವ ನೋಂದಣಿ ಪುಸ್ತಕವೊಂದನ್ನು ಇಟ್ಟಿದೆ. ಅದರಲ್ಲಿ ಹೆಸರಿನ ಉಚ್ಚಾರವನ್ನು ದಾಖಲಿಸುವ ನಿಯಮ ಜಾರಿಗೆ ಬಂದದ್ದು 2025ರ ಮೇ 26ರಂದು. ಅಲ್ಲಿಯವರೆಗೆ ಆ ಪುಸ್ತಕದ ಮಟ್ಟಿಗೆ ಹೆಸರೆಂದರೆ ಬರೆದ ಅಕ್ಷರ ಅಷ್ಟೇ. ಅದನ್ನು ಹೇಗೆ ಓದಬೇಕೆಂಬುದು ಮನೆಯವರ ಬಾಯಲ್ಲಿತ್ತು.

ಈ ಹೆಸರು ಹೊತ್ತವರಲ್ಲಿ ನಮಗೆಲ್ಲ ಚಿರಪರಿಚಿತರು ಚಿತ್ರ ನಿರ್ದೇಶಕ ಅಕಿರ ಕುರೊಸಾವ. 1910ರಲ್ಲಿ ಟೋಕಿಯೋದಲ್ಲಿ ಜನಿಸಿದ ಅವರದು ಸೂರ್ಯಚಂದ್ರರ ಅಕಿರ. 1923ರ ಮಹಾಭೂಕಂಪದಲ್ಲಿ ನಗರ ಸುಟ್ಟುಹೋದಾಗ ಅವರಿಗೆ ಹದಿಮೂರು ವರ್ಷ. ಅಣ್ಣ ಹೇಗೊ ಅವರನ್ನು ಶವಗಳ ರಾಶಿಯ ನಡುವೆ ನಡೆಸಿಕೊಂಡು ಹೋಗಿ, ಮುಖ ತಿರುಗಿಸದೆ ನೋಡೆಂದು ಒತ್ತಾಯಿಸಿದ್ದನ್ನು ಕುರೊಸಾವ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಕಣ್ಣು ಮುಚ್ಚಿಕೊಂಡರೆ ಭಯ ಉಳಿಯುತ್ತದೆ, ನೇರವಾಗಿ ನೋಡಿದರೆ ಹೋಗುತ್ತದೆ ಎಂಬುದು ಅಣ್ಣನ ನಂಬಿಕೆ. ಆ ಅಣ್ಣ ಮೂಕಿ ಚಿತ್ರಗಳಿಗೆ ತೆರೆಯ ಪಕ್ಕದಲ್ಲಿ ನಿಂತು ಕಥೆ ಹೇಳುವ ನಿರೂಪಕನಾಗಿದ್ದ. ಮಾತಿನ ಚಿತ್ರಗಳು ಬಂದು ಆ ವೃತ್ತಿ ಅಳಿಯುತ್ತಿದ್ದಾಗ, 1933ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ತಮ್ಮ ‘ರಾಶೊಮೊನ್’ ತೆಗೆದದ್ದು 1950ರಲ್ಲಿ. ಕಾಡಿನ ಎಲೆಗಳ ನಡುವಿನಿಂದ ಛಾಯಾಗ್ರಾಹಕ ಕಜುವೊ ಮಿಯಾಗವ ಅದರಲ್ಲಿ ಕ್ಯಾಮೆರಾವನ್ನು ನೇರವಾಗಿ ಸೂರ್ಯನತ್ತ ತಿರುಗಿಸಿದರು. ಅಷ್ಟು ಬೆಳಕಿನಲ್ಲಿ ನಡೆದ ಒಂದು ಕೊಲೆಯ ಬಗ್ಗೆ ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ‘ನಿಚ್ಚಳ’ ಎಂಬ ಹೆಸರಿನವರು ಜಗತ್ತಿಗೆ ಕೊಟ್ಟ ಚಿತ್ರದಲ್ಲಿ ಯಾವುದೂ ನಿಚ್ಚಳವಾಗುವುದಿಲ್ಲ. 1951ರಲ್ಲಿ ಅದಕ್ಕೆ ವೆನಿಸ್ ಉತ್ಸವದ ಪರಮೋಚ್ಚ ಪ್ರಶಸ್ತಿ ದೊರೆಯಿತು. ಮರುವರ್ಷ ಮುಂಬಯಿಯಲ್ಲಿ ಆರಂಭವಾದ ಭಾರತದ ಮೊದಲ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅದು ನಮ್ಮವರಿಗೂ ಕಾಣಿಸಿತು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಖಡ್ಗವೀರರ ಹಿಂದೆ ಕುರೊಸಾವರ ಸಮುರಾಯಿಗಳ ನೆರಳಿದೆ. ಅದರ ನಾಯಕ ಶಂಕರ್ ನಾಗ್ ಮುಂಬಯಿಯ ರಂಗಭೂಮಿಯಿಂದ ಕನ್ನಡ ತೆರೆಗೆ ಬಂದವರು. ಹೊರನಾಡಿನವರಾದ ನಮಗೆ ಆ ಚಿತ್ರದ ಮೇಲೆ ಒಂದಿಷ್ಟು ಹೆಚ್ಚಿನ ಸಲುಗೆ.

ಅಧ್ಯಾಯ, ಲಾಂಛನ ಎಂಬ ಅರ್ಥದ ಅಕ್ಷರವನ್ನು ಹೊತ್ತವರಲ್ಲಿ ಇಬ್ಬರು ನನಗೆ ಬಲು ಇಷ್ಟ. ಮೊದಲನೆಯವರು ಕಾಗದ ಮಡಚುವ ಕಲೆಯ ಗುರು ಅಕಿರ ಯೊಶಿಜವ. ಹೈನುಗಾರರ ಮನೆಯಲ್ಲಿ 1911ರ ಮಾರ್ಚ್ 14ರಂದು ಹುಟ್ಟಿ, 2005ರಲ್ಲಿ ಅದೇ ಮಾರ್ಚ್ 14ರಂದು ತೀರಿಕೊಂಡರು. ಕಾರ್ಖಾನೆಯಲ್ಲಿದ್ದಾಗ ಹೊಸ ಕೆಲಸಗಾರರಿಗೆ ರೇಖಾಗಣಿತವನ್ನು ಕಾಗದ ಮಡಚಿ ಕಲಿಸುತ್ತಿದ್ದರಂತೆ. ಆಮೇಲೆ ಕಲೆಗಾಗಿ ಕೆಲಸ ಬಿಟ್ಟು, ಮನೆಮನೆಗೆ ತಿರುಗಿ ತಿನಿಸು ಮಾರಿ ದಿನ ದೂಡಿದರು. 1954ರ ಅವರ ಪುಸ್ತಕದಲ್ಲಿ ಮಡಿಕೆಯನ್ನು ಸೂಚಿಸಲು ತುಂಡುಗೆರೆ, ಚುಕ್ಕೆಗೆರೆ, ಬಾಣಗಳ ಒಂದು ಚಿಹ್ನಾ ಪದ್ಧತಿ ರೂಪುಗೊಂಡಿದೆ. ಇಂದು ಜಗತ್ತಿನ ಯಾವ ಮೂಲೆಯ ಒರಿಗಾಮಿ ಪುಸ್ತಕ ತೆರೆದರೂ ಬಹುಮಟ್ಟಿಗೆ ಅದೇ ಪದ್ಧತಿ. ಜಪಾನಿ ಬಾರದ ಮಗುವೂ ಆ ಗೆರೆಗಳನ್ನು ಓದಿಕೊಂಡು ಕೊಕ್ಕರೆಯನ್ನು ಮಡಚಬಲ್ಲದು.

ಎರಡನೆಯವರು ರಸಾಯನ ವಿಜ್ಞಾನಿ ಅಕಿರ ಸುಜುಕಿ. 1930ರಲ್ಲಿ ಹೊಕ್ಕೈಡೊ ದ್ವೀಪದಲ್ಲಿ ಹುಟ್ಟಿದವರು. ಎರಡು ಇಂಗಾಲದ ತುಣುಕುಗಳನ್ನು ಬೋರಾನ್ ಮತ್ತು ಪಲ್ಲೇಡಿಯಮ್‌ಗಳ ನೆರವಿನಿಂದ ಜೋಡಿಸುವ ವಿಧಾನವನ್ನು 1979ರಲ್ಲಿ ಸಹೋದ್ಯೋಗಿ ನೊರಿಯೊ ಮಿಯಾವುರ ಅವರೊಡನೆ ಪ್ರಕಟಿಸಿದರು. 2010ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ, ಯಾರು ಬೇಕಾದರೂ ಬಳಸಬಹುದಾಯಿತು. ರಕ್ತದೊತ್ತಡಕ್ಕೆ ಕೊಡುವ ಲೊಸಾರ್ಟನ್ ಗುಳಿಗೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಇದನ್ನು ಬಳಸಲಾಗಿದೆ. ಹೈದರಾಬಾದಿನ ಔಷಧ ಕಂಪನಿಗಳಲ್ಲಿ ದುಡಿಯುವ ನಮ್ಮ ಗೆಳೆಯರಿಗೆ ಸುಜುಕಿ ಎಂದರೆ ಮೊದಲು ನೆನಪಾಗುವುದು ಕಾರಲ್ಲ, ಈ ಜೋಡಣೆ!

ಸೂರ್ಯ ಮತ್ತು ‘ಕರೆ’ ಸೇರಿದ ಅಕ್ಷರದ ಕಥೆ ಇನ್ನೂ ಸ್ವಾರಸ್ಯದ್ದು. 1926ರ ಡಿಸೆಂಬರಿನಲ್ಲಿ ಹಿರೊಹಿತೊ ಚಕ್ರವರ್ತಿಯಾದಾಗ ಆರಂಭವಾದ ಶಕೆಗೆ ‘ಶೋವ’ ಎಂದು ಹೆಸರಾಯಿತು. ಉಜ್ವಲವಾದ ಸಾಮರಸ್ಯ ಎಂದು ಅದನ್ನು ಅರ್ಥೈಸಬಹುದು. ಆ ಹೆಸರಿನ ಮೊದಲ ಅಕ್ಷರವೇ ಇದು. ಮುಂದಿನ ವರ್ಷಗಳಲ್ಲಿ ಹುಟ್ಟಿದ ಅನೇಕ ಮಕ್ಕಳ ಹೆಸರಿಗೆ ಅದು ಸೇರಿತು. ಆ ಮಕ್ಕಳು ಬೆಳೆದದ್ದು ಯುದ್ಧದಲ್ಲಿ. ಶಕೆಯ ಹೆಸರಿಗೂ ಶಕೆಗೂ ಎಷ್ಟು ದೂರವೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರು?

ಇದೇ ಅಕ್ಷರವನ್ನು ಶಕೆ ಹುಟ್ಟುವ ಮೊದಲೇ, 1914ರಲ್ಲಿ, ಪಡೆದವರು ಸಂಗೀತಗಾರ ಅಕಿರ ಇಫುಕುಬೆ. ಅವರು ಓದಿದ್ದು ಅರಣ್ಯಶಾಸ್ತ್ರ. ಕೆಲಕಾಲ ಹೊಕ್ಕೈಡೊದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದರು. 1954ರ ‘ಗಾಡ್ಜಿಲಾ’ ಚಿತ್ರಕ್ಕೆ ಸಂಗೀತ ಕೊಟ್ಟವರು ಅವರೇ. ಹೈಡ್ರೋಜನ್ ಬಾಂಬಿನಿಂದ ಎಚ್ಚೆತ್ತ ಆ ದೈತ್ಯಪ್ರಾಣಿಯ ಗರ್ಜನೆ ಕೂಡ, ಡಬಲ್ ಬಾಸ್ ವಾದ್ಯದ ಸಡಿಲಿಸಿದ ತಂತಿಯ ಮೇಲೆ ಚರ್ಮದ ಕೈಗವಸು ಉಜ್ಜಿ ಹುಟ್ಟಿಸಿದ ನಾದ.

ಶಕೆಯ ಆರಂಭದಲ್ಲಿ, 1928ರ ಜನವರಿಯಲ್ಲಿ, ಹುಟ್ಟಿದವರು ಸಸ್ಯವಿಜ್ಞಾನಿ ಅಕಿರ ಮಿಯಾವಾಕಿ. ಊರುಗಳ ಶಿಂಟೊ ದೇಗುಲಗಳ ಸುತ್ತ ಕೊಡಲಿ ತಾಗದೆ ಉಳಿದ ತೋಪುಗಳಲ್ಲಿ ಆ ನೆಲದ ಮೂಲ ಮರಗಳಿವೆಯೆಂದು ಅವರು ಗಮನಿಸಿದರು. ಕೊಡಗಿನ ದೇವರಕಾಡುಗಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಯಾ ನೆಲಕ್ಕೆ ಸಹಜವಾದ ಜಾತಿಗಳನ್ನು ಮೊದಲು ಗುರುತಿಸಬೇಕು. ಅವುಗಳ ಸಸಿಗಳನ್ನು ಒತ್ತೊತ್ತಾಗಿ, ಚದರ ಮೀಟರಿಗೆ ಮೂರು ನಾಲ್ಕರಂತೆ ನೆಡಬೇಕು. ಎರಡು ಮೂರು ವರ್ಷ ಆರೈಕೆ ಮಾಡಿ ಕಾಡನ್ನು ಅದರ ಪಾಡಿಗೆ ಬಿಡಬೇಕು. ಇದು ಅವರ ಕ್ರಮ. ಬೆಂಗಳೂರಿನ ಬಳಿಯ ಟೊಯೋಟಾ ಕಾರ್ಖಾನೆಯ ಆವರಣದಲ್ಲಿ ಅವರು ಕಾಡು ಬೆಳೆಸಲು ಬಂದಾಗ, ಅಲ್ಲಿ ಎಂಜಿನಿಯರ್ ಆಗಿದ್ದ ಶುಭೇಂದು ಶರ್ಮಾ ಅದನ್ನು ಕಂಡು ಆಕರ್ಷಿತರಾಗಿ, ಉದ್ಯೋಗ ಬಿಟ್ಟು ಕಾಡು ಬೆಳೆಸುವ ಸಂಸ್ಥೆಯನ್ನೇ ಕಟ್ಟಿದರು. ಈಗ ಮುಂಬಯಿ, ಚೆನ್ನೈಗಳ ಪಾಲಿಕೆಗಳೂ ‘ಮಿಯಾವಾಕಿ’ ಬೆಳೆಸುತ್ತಿವೆ. ಹೌದು, ‘ಮಿಯಾವಾಕಿ’ ಎಂದರೆ ಈಗ ನಮ್ಮಲ್ಲಿ ಒಬ್ಬ ಮನುಷ್ಯನಲ್ಲ, ಒಂದು ಬಗೆಯ ತೋಪು. ನೆಲದ ಸಹಜ ಮರ ಯಾವುದೆಂದು ವಿಚಾರಿಸದೆ ಸಿಕ್ಕ ಸಸಿಗಳನ್ನು ಒತ್ತಾಗಿ ನೆಟ್ಟು ಅದೇ ಫಲಕ ತಗುಲಿಸುವುದೂ ಉಂಟು. ಹೆಸರಿನ ಸದ್ದು ಉಳಿದು ಒಳಗಿನ ತಿರುಳು ಜಾರಿಹೋಗುವುದೆಂದರೆ ಹೀಗೆ.

ಸದ್ದಷ್ಟೇ ಉಳಿದ ಅಕಿರ ಇನ್ನೊಬ್ಬನಿದ್ದಾನೆ. ಕತ್ಸುಹಿರೊ ಒತೊಮೊ 1982ರಿಂದ 1990ರವರೆಗೆ ಬರೆದ ಚಿತ್ರಕಥೆಯ, 1988ರಲ್ಲಿ ಅವರೇ ನಿರ್ದೇಶಿಸಿದ ಅನಿಮೇಷನ್ ಚಿತ್ರದ ಹೆಸರೇ ‘ಅಕಿರ’. ನಗರವನ್ನೇ ಭಸ್ಮ ಮಾಡಬಲ್ಲ ಶಕ್ತಿಯ ಬಾಲಕ ಅವನು. ಅವನ ಹೆಸರಿಗೆ ಚಿತ್ರಾಕ್ಷರವಿಲ್ಲ. ಉಚ್ಚಾರವನ್ನು ಮಾತ್ರ ಸೂಚಿಸುವ ಲಿಪಿಯಲ್ಲಿ ಬರೆಯುತ್ತಾರೆ. ಸಿನಿಮಾದಲ್ಲಿ ಎಲ್ಲರೂ ಹುಡುಕಿ ಹುಡುಕಿ ಕೊನೆಗೆ ಅವನಿರುವ ಕೋಶವನ್ನು ಒಡೆದರೆ, ಸಿಗುವುದು ಪ್ರಯೋಗಾಲಯದ ಜಾಡಿಗಳಲ್ಲಿಟ್ಟ ಅವಶೇಷ. ಯಾವ ಅಜ್ಜನೂ ಅಕ್ಷರ ಆರಿಸದ ಹೆಸರು ಅದು. ಹಾಗೆ ಹಗುರವಾದ ಹೆಸರು ಎಲ್ಲಿಗೆ ಬೇಕಾದರೂ ಹಾರಬಲ್ಲದು. 2016ರ ಹಿಂದಿ ಚಿತ್ರವೊಂದರ ನಾಯಕಿಯೂ ಅಕಿರಾ ಆದಳು.

ಇಷ್ಟೆಲ್ಲ ಯೋಚಿಸಲು ನನಗೆ ಒಂದು ಮನೆಯ ಕಾರಣವಿದೆ. ಮಗನ ಸಂಸಾರ ದೆಹಲಿಯಲ್ಲಿದೆ. ಮೊಮ್ಮಗಳಿಗೆ ‘ಇಳಾ’ ಎಂದು ಹೆಸರಿಟ್ಟೆವು. ಇಳೆ ಎಂದರೆ ಭೂಮಿ, ನನ್ನ ತಾಯಿಗೆ ಪ್ರಿಯವಾಗಿದ್ದ ಪದ. ಆದರೆ ಹಿಂದಿಯ ವರ್ಣಮಾಲೆಯಲ್ಲಿ ‘ಳ’ ಇಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ, ಗೆಳತಿಯರ ಬಾಯಲ್ಲಿ, ಕ್ರಮೇಣ ಅವಳ ಬಾಯಲ್ಲೇ, ಅವಳು ‘ಇಲಾ’ ಆದಳು. ಮನೆಯಲ್ಲಿ ಕನ್ನಡವನ್ನೇ ಆಡುತ್ತಾಳೆ, ಆದರೆ ಅಜ್ಜಿಯ ಹಳ್ಳಿ ಅವಳಿಗೆ ‘ಹಲ್ಲಿ’. ಲಿಪಿ ಕಲಿಸೋಣವೆಂದಾಗ ಮಗ, ‘ಅಪ್ಪಾ, ಮಾತು ಬಂದರೆ ಸಾಲದೇ? ಮೂರು ಲಿಪಿಯ ಹೊರೆ ಯಾಕೆ?’ ಎಂದ. ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ದಿನವಿಡೀ ದುಡಿದು ಬರುವ ತಂದೆತಾಯಿಗೆ ಇದು ಇನ್ನೊಂದು ಭಾರವೇ ಸರಿ.

ಹೊರನಾಡಿನ ಪ್ರತಿ ಊರೂ ನಮ್ಮ ಹೆಸರುಗಳಿಂದ ಬೇರೆ ಬೇರೆ ಸುಂಕ ವಸೂಲಿ ಮಾಡುತ್ತದೆ. ಮುಂಬಯಿ, ಪುಣೆಗಳಲ್ಲಿ ಮರಾಠಿಯ ದಯೆಯಿಂದ ‘ಳ’ ಉಳಿಯುತ್ತದೆ. ಆದರೆ ದೇವನಾಗರಿಯಲ್ಲಿ ಹ್ರಸ್ವ ‘ಒ’ ಇಲ್ಲದ್ದರಿಂದ ಹೊನ್ನಪ್ಪ ‘ಹೋನ್ನಪ್ಪ’ನಾಗುತ್ತಾನೆ. ಚೆನ್ನೈಯಲ್ಲಿ ‘ಳ’ಕ್ಕೂ ಹ್ರಸ್ವ ‘ಒ’ಗೂ ತೊಂದರೆಯಿಲ್ಲ, ಆದರೆ ತಮಿಳಿನಲ್ಲಿ ‘ಕ’, ‘ಗ’ಗಳಿಗೆ ಒಂದೇ ಅಕ್ಷರವಾದ್ದರಿಂದ ಗೀತಾ ಎಂದು ಬರೆದರೂ ಕೀತಾ ಎಂದು ಬರೆದರೂ ಒಂದೇ. ತೆಲುಗು ಲಿಪಿ ನಮ್ಮದರ ಒಡಹುಟ್ಟಾದ್ದರಿಂದ ಹೈದರಾಬಾದಿನಲ್ಲಿ ಬಹುಪಾಲು ಹೆಸರುಗಳು ಸುಖವಾಗಿವೆ.

ತಂತ್ರಜ್ಞರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿ ಸಿಕ್ಕಿತು. ಅವರಲ್ಲಿ ಅಕ್ಷರ ಕಳಚಿಹೋದರೂ ‘ಅಕಿರ’ ಎಂಬ ದನಿ ಹಾಗೇ ಉಳಿಯುತ್ತದೆ. ಹೋಗುವುದು ಅಜ್ಜ ಆರಿಸಿದ ಅರ್ಥ. ನಾವು ಅರ್ಥವನ್ನು ಇಡುವುದು ದನಿಯಲ್ಲಿ. ಆ ದನಿಯನ್ನು ಕಾಯುವ ಕೆಲಸ ಅಕ್ಷರದ್ದು. ‘ಳ’ ಎಂಬ ಅಕ್ಷರವನ್ನು ಕಣ್ಣು ಕಾಣದೆ ಹೋದರೆ, ಕಿವಿ ಅದನ್ನು ‘ಲ’ ಎಂದೇ ಕೇಳಲು ಕಲಿಯುತ್ತದೆ, ನಾಲಿಗೆ ಕಿವಿಯನ್ನು ಅನುಸರಿಸುತ್ತದೆ, ಭೂಮಿ ಹೆಸರಿನಿಂದ ಜಾರಿಹೋಗುತ್ತದೆ. ಮಾತು ಸಾಕು, ಲಿಪಿ ಬೇಡ ಎನ್ನುವ ಮಗನಿಗೆ ನಾನು ಹೇಳಿದ್ದು ಇಷ್ಟೇ: ಲಿಪಿ ಹೋದಲ್ಲಿ ಮಾತು ಇಡಿಯಾಗಿ ಉಳಿಯುವುದಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಮಗುವಿಗೆ ಇಡೀ ವರ್ಣಮಾಲೆಯನ್ನು ಹೇರಲಿಲ್ಲ. ಅವಳ ಹೆಸರಿನ ಎರಡೇ ಅಕ್ಷರಗಳಿಂದ ಆರಂಭಿಸಿದೆವು. ಆಮೇಲೆ ಹಳ್ಳಿ, ಮಳೆ, ಬೆಳ್ಳಿ, ಬಾಳೆ. ‘ಹಳ್ಳಿ’ಯನ್ನೂ ‘ಹಲ್ಲಿ’ಯನ್ನೂ ಪಕ್ಕಪಕ್ಕ ಬರೆದಾಗ ಅವಳು ಬಹಳ ಹೊತ್ತು ನಕ್ಕಳು. ಈಗ ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಪಾಠ ನಡೆಯುತ್ತದೆ. ಹೊಸ ಪದ ಹೇಳಿದೊಡನೆ ಅವಳು ಪೆನ್ಸಿಲ್ ಎತ್ತಿ ಹಿಡಿದು ಮೊದಲು ಕೇಳುವುದು, ‘ಅಜ್ಜಾ, ಯಾವ ಲ?’ ಎಂದು.