ಇಲಿಯ ತುರಿಕೆ

ಇಲಿ ನಮ್ಮ ನಾಡಿನಲ್ಲಿ ಗಣಪತಿಯ ವಾಹನವೆಂದು ಪೂಜೆಗೊಳ್ಳುತ್ತದೆ. ಕಣಜಕ್ಕೆ ನುಗ್ಗಿದರೆ ಬೋನಿಗೂ ಬೀಳುತ್ತದೆ. ಈ ಎರಡು ಗತಿಗಳಲ್ಲದೆ ಅದಕ್ಕೆ ಮೂರನೆಯದೊಂದು ಉಂಟು. ಅದು ಪ್ರಯೋಗಶಾಲೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ನನಗೆ ಆ ಮೂರನೆಯ ಇಲಿಯೊಡನೆ ಏನು ಕೆಲಸವೆಂದು ವಾಚಕರು ಕೇಳಬಹುದು. ಕಾರಣ ಹೇಳಿಯೇ ಮುಂದುವರಿಯುತ್ತೇನೆ.

ನನ್ನ ತಾಯಿಗೆ ಮೂರು ವರ್ಷಗಳಿಂದ ಕೈಕಾಲುಗಳ ಗಂಟುಗಳಲ್ಲಿ ಬಾವು. ಬೆಳಗಿನ ಹೊತ್ತು ಬೆರಳು ಮಡಿಸಲಾಗದೆ ಚೆಂಬು ಹಿಡಿಯುವುದೂ ಕಷ್ಟ. ನೆರೆಹೊರೆಯವರು ಪೂರ್ವಜನ್ಮದ ಕರ್ಮವೆಂದರು, ನಾಗದೋಷವೆಂದರು. ವೈದ್ಯರು ಪರೀಕ್ಷಿಸಿ, ರೋಗಾಣುಗಳೊಡನೆ ಹೋರಾಡಬೇಕಾದ ಶಕ್ತಿ ಇವರ ಮೈಮೇಲೆಯೇ ತಿರುಗಿಬಿದ್ದಿದೆ ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಆ ಮಾತನ್ನು ಬಿಡಿಸಿ ಹೇಳುವ ಭಾರ ನನ್ನ ಮೇಲೆ ಬಿತ್ತು. ಕೇಳಿದ ಅಮ್ಮ, “ಅಂದ್ರೆ ನನ್ ಮೈಗೇ ನನ್ ಮೇಲೆ ಹಗೆಯೇನೋ ಮಗಾ?” ಎಂದಳು. ನನಗೆ ಉತ್ತರ ತೋಚಲಿಲ್ಲ.

ಉತ್ತರವನ್ನು ಅರಸುತ್ತ ಹೋದಾಗ ಸಿಕ್ಕಿದ್ದು ಈ ಇಲಿ. ಮೈಬಣ್ಣ ಕಪ್ಪೇರಿದ, ಕಿವಿಯ ಕೂದಲು ಕಪ್ಪಾದ ಒಂದು ಇಲಿವಂಶ ವಿಜ್ಞಾನಿಗಳಲ್ಲಿತ್ತು. ಅದರ ಸಂತಾನಕ್ಕೆ ಬಣ್ಣದೊಡನೆ ಕಾಯಿಲೆಯೂ ಬಳುವಳಿ. ಶ್ವಾಸಕೋಶ, ಜಠರಗಳಲ್ಲಿ ಉರಿಯೂತ, ಮೈಯನ್ನು ಗಾಯವಾಗುವಷ್ಟು ಸದಾ ಕೆರೆದುಕೊಳ್ಳುವ ತುರಿಕೆ, ಕೊನೆಗೆ ಸಾವು. ಅಮೆರಿಕದ ನೀಲ್ ಕೋಪ್ಲೆಂಡ್, ನ್ಯಾನ್ಸಿ ಜೆಂಕಿನ್ಸ್ ಮತ್ತು ಸಂಗಡಿಗರು ೧೯೯೮ರಲ್ಲಿ ಇದರ ಮೂಲವನ್ನು ಪ್ರಕಟಿಸಿದರು. ಪುಸ್ತಕ ಹೊಲಿಯುವವನು ಒಂದು ಕಂತೆಯನ್ನು ತಲೆಕೆಳಗಾಗಿ ಸೇರಿಸಿ ಹೊಲಿದಂತೆ, ಇಲಿಯ ಎರಡನೆಯ ವರ್ಣತಂತುವಿನ ಒಂದು ತುಂಡು ತಿರುವುಮುರುವಾಗಿತ್ತು. ಅದರಿಂದ ಬಣ್ಣದ ಜೀನು ಕೆಟ್ಟಿತು. ಅದುವರೆಗೆ ಯಾರೂ ಅರಿಯದಿದ್ದ ಇನ್ನೊಂದು ಜೀನೂ ಮುರಿಯಿತು. ಆ ಎರಡನೆಯದಕ್ಕೆ ‘ಇಚ್’ ಎಂಬ ಹೆಸರು. ಇಂಗ್ಲಿಷಿನಲ್ಲಿ ತುರಿಕೆ ಎಂದರ್ಥ. ಸರಿಯಾಗಿದ್ದಾಗ ತುರಿಕೆಯನ್ನು ತಡೆಯುವ ಜೀನಿಗೆ ತುರಿಕೆಯೆಂದೇ ಹೆಸರು! ಕಳ್ಳನನ್ನು ಹಿಡಿಯುವ ಪೇದೆಯನ್ನು ಕಳ್ಳನೆಂದೇ ಕರೆದಂತಾಯಿತು.

ಇಚ್ ಮಾಡುವ ಕೆಲಸವೇನು? ನನ್ನ ತಂದೆ ಸಾಮಿಲ್ಲಿನಲ್ಲಿ ದುಡಿಯುವವರಾದುದರಿಂದ ಅವರ ಲೋಕದಿಂದಲೇ ಒಂದು ಹೋಲಿಕೆ ಕೊಡುತ್ತೇನೆ. ಕಾಡಿನಲ್ಲಿ ಕಡಿಯಬೇಕಾದ ಮರಕ್ಕೆ ಗಾರ್ಡು ಸುತ್ತಿಗೆಯಿಂದ ಮುದ್ರೆ ಹೊಡೆಯುತ್ತಾನೆ. ಒಣಗಿ ವಾಲಿದ ಮರವಾದರೂ ಮುದ್ರೆಯಿಲ್ಲದೆ ಉರುಳುವಂತಿಲ್ಲ. ಜೀವಕೋಶದೊಳಗೂ ಇಂಥದೊಂದು ಮುದ್ರೆಯಿದೆ. ‘ಯುಬಿಕ್ವಿಟಿನ್’ ಎಂಬ ೭೬ ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಅದು. ಎಲ್ಲೆಲ್ಲೂ ಇರುವಂಥದು ಎಂದು ಆ ಹೆಸರಿನ ಭಾವ. ಕೆಲಸ ಮುಗಿದ ಪ್ರೋಟೀನಿಗೆ ಇದು ಸರಪಳಿಯಂತೆ ಅಂಟಿಕೊಂಡರೆ, ‘ಪ್ರೋಟಿಯಾಸೋಮ್’ ಎಂಬ ಕೊಯ್ಯುವ ಯಂತ್ರ ಅದನ್ನು ತುಂಡುಮಾಡುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಆರನ್ ಚೆಕಾನೋವರ್, ಅವ್ರಾಮ್ ಹರ್ಷ್ಕೋ, ಇರ್ವಿನ್ ರೋಸ್ ಅವರಿಗೆ ೨೦೦೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. ಎಲ್ಲ ಮುದ್ರೆಯೂ ಮರಣದ ಮುದ್ರೆಯಲ್ಲ. ಕೆಲವು ಮುದ್ರೆಗಳು ಪ್ರೋಟೀನನ್ನು ಬೇರೆಡೆಗೆ ಸಾಗಿಸುವ ಚೀಟಿಗಳು. ಮುದ್ರೆ ಮೂರು ಕೈ ದಾಟಿ ಗುರಿ ಮುಟ್ಟುತ್ತದೆ. ಯಾವುದಕ್ಕೆ ಬೀಳಬೇಕೆಂದು ಆರಿಸುವುದು ಮೂರನೆಯ ಕೈ. ಇಚ್ ಜೀನಿನಿಂದಾಗುವ ಪ್ರೋಟೀನು ಅಂಥದೊಂದು ಮೂರನೆಯ ಕೈ, ಅಂದರೆ ಗಾರ್ಡು.

ರೋಗನಿರೋಧಕ ಪಡೆಯಲ್ಲಿ ಟಿ ಕೋಶಗಳೆಂಬ ಬಿಳಿಯ ರಕ್ತಕಣಗಳಿವೆ. ಅವುಗಳೊಳಗಿನ ‘ಜನ್-ಬಿ’ ಎಂಬ ಪ್ರೋಟೀನು ಒಂದು ಬಗೆಯ ಹೋರಾಟಕ್ಕೆ ಕಹಳೆ ಊದುತ್ತದೆ. ಅದರಿಂದ ‘ಇಂಟರ್‌ಲ್ಯೂಕಿನ್-೪’ ಎಂಬ ಸಂದೇಶವಸ್ತು ಹೊರಡುತ್ತದೆ. ಕಹಳೆ ಬೇಕು, ಆದರೆ ನಿಲ್ಲಲೂ ಬೇಕು. ಇಚ್ ಜನ್-ಬಿಗೆ ಮುದ್ರೆಯೊತ್ತಿ ಅದನ್ನು ಕರಗಿಸುವುದೆಂದು ೨೦೦೨ರಲ್ಲಿ ತಿಳಿದುಬಂತು. ಇಚ್ ಇಲ್ಲದ ಇಲಿಯಲ್ಲಿ ಜನ್-ಬಿ ಕರಗದೆ ಉಳಿಯುತ್ತದೆ, ಕಹಳೆ ಮೊಳಗುತ್ತಲೇ ಇರುತ್ತದೆ, ವೈರಿಯಿಲ್ಲದ ಕಡೆಯೂ ಪಡೆ ಕಾದುತ್ತದೆ. ೨೦೧೦ರಲ್ಲಿ ಅಮೆರಿಕದ ಆಮಿಷ್ ಸಮುದಾಯದ ಹತ್ತು ಮಕ್ಕಳಲ್ಲಿ ಇದೇ ಜೀನು ಕೆಟ್ಟಿರುವುದು ಪತ್ತೆಯಾಯಿತು. ಅವರ ಬೆಳವಣಿಗೆ ಕುಂಠಿತವಾಗಿತ್ತು, ಹಲವು ಅಂಗಗಳು ಸ್ವಂತ ಪಡೆಯಿಂದಲೇ ಪೀಡಿತವಾಗಿದ್ದವು. ಇಲಿಯ ಕತೆ ಇಲಿಯದಷ್ಟೇ ಅಲ್ಲ.

ಅಮ್ಮನ ಗಂಟುನೋವು ಇಚ್‌ನ ದೋಷದಿಂದ ಬಂದುದೆಂದು ನಾನು ಹೇಳುತ್ತಿಲ್ಲ. ಅವಳ ರೋಗ ಬೇರೆ, ಇಲಿಯ ರೋಗ ಬೇರೆ. ಆದರೆ ಅವಳ ಪ್ರಶ್ನೆಗೆ ಇಲಿ ಒಂದು ಉತ್ತರ ಕೊಟ್ಟಿತು. ಇಲಿಯ ಮೈಗೆ ಇಲಿಯ ಮೇಲೆ ಹಗೆ ಇರಲಿಲ್ಲ. ಕೊಟ್ಟ ಆಜ್ಞೆಯನ್ನು ಹಿಂದಕ್ಕೆ ಪಡೆಯುವ ಒಬ್ಬ ನೌಕರ ಇರಲಿಲ್ಲ, ಅಷ್ಟೆ. ಅದರಲ್ಲಿ ಪಾಪವೂ ಇಲ್ಲ, ಶಿಕ್ಷೆಯೂ ಇಲ್ಲ. ದಸರಾ ರಜೆಯಲ್ಲಿ ಇದನ್ನು ಮನೆಯಲ್ಲಿ ಹೇಳಿದೆ. ಅಪ್ಪ, “ಮುದ್ರೆ ಹೊಡಿಯೋ ಗಾರ್ಡೇ ಇಲ್ಲ ಅನ್ನು” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅಮ್ಮ, “ಪಾಪ, ಆ ಇಲಿ ಏನು ಮಾಡಿತ್ತು!” ಎಂದಳು. ತಾನೂ ಏನೂ ಮಾಡಿಲ್ಲವೆಂಬುದು ಆಗ ಅವಳಿಗೆ ಹೊಳೆದಿರಬೇಕು. ಈಗ ಮಾತ್ರೆಗಳನ್ನು ತಪ್ಪಿಸುವುದಿಲ್ಲ, ಹರಕೆಯನ್ನೂ ಬಿಟ್ಟಿಲ್ಲ.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮನೆಗೆ ಮೊದಲ ಓದುಗರು. ಪದವಿ ಮುಗಿದ ಮೇಲೆ ಸಂಬಳವೆಷ್ಟೆಂದು ಊರು ಕೇಳುತ್ತದೆ, ಕೇಳಲಿ. ಅದಕ್ಕೆ ಮುಂಚೆ ಮನೆ ಕೇಳುವ ಪ್ರಶ್ನೆಗಳು ಬೇರೆ ಇವೆ. ಅವಕ್ಕೆ ಮನೆಯ ಮಾತಿನಲ್ಲೇ ಉತ್ತರ ಹೇಳಬಲ್ಲೆವಾದರೆ, ಕಲಾವಿಭಾಗದವನು ಇಲಿಯ ಜೀನನ್ನು ಓದಿದ್ದು ವ್ಯರ್ಥವಾಗಲಿಲ್ಲವೆಂದು ನನ್ನ ಎಣಿಕೆ.